ಮೋಡದ ಮೇಲಿನ ಊರು

1966ರಿಂದ 1969ರವರೆಗೆ ಅಮೆರಿಕದ ಟಿವಿಯಲ್ಲಿ ಬಂದ ‘ಸ್ಟಾರ್ ಟ್ರೆಕ್’ ಧಾರಾವಾಹಿಯನ್ನು ನಾನು ಮೊದಲ ಸಲ ನೋಡಿದ್ದು ಮೊನ್ನೆ. ರಟ್ಟಿನಂಥ ಬಂಡೆ, ಬಣ್ಣದ ದೀಪ ಕಂಡು ನಗು ಬಂತು. 1969ರ ಫೆಬ್ರವರಿಯ ‘ದಿ ಕ್ಲೌಡ್ ಮೈಂಡರ್ಸ್’ ಕಂತಿಗೆ ಬಂದಾಗ ನಗು ನಿಂತಿತು.

ಅರ್ಡಾನಾ ಎಂಬ ಗ್ರಹ. ಮೇಲೆ ಮೋಡದಲ್ಲಿ ತೇಲೋ ಸ್ಟ್ರಾಟೋಸ್ ನಗರ. ಅಲ್ಲಿ ಕಲೆ, ತತ್ವ, ವಿರಾಮ. ಕೆಳಗೆ ಝೀನೈಟ್ ಅದಿರು ಅಗೆಯೋ ಟ್ರಾಗ್ಲೈಟರು. ಅವರಿಗೆ ಬುದ್ಧಿ ಕಮ್ಮಿ, ಒರಟರು ಅಂತ ಮೇಲಿನವರ ನಂಬಿಕೆ. ಈ ಮಾತು ನಮಗೇನು ಹೊಸದೇ?

ಆಮೇಲೆ ತಿಳಿಯುತ್ತೆ: ಅದಿರಿನಿಂದ ಹೊರಡೋ ಕಣ್ಣಿಗೆ ಕಾಣದ ಅನಿಲ ಬುದ್ಧಿ ಮಂಕು ಮಾಡುತ್ತೆ, ಸಿಟ್ಟು ಕೆರಳಿಸುತ್ತೆ. ನಗರದ ಮುಖ್ಯಸ್ಥ ಪ್ಲಾಸಸ್‌ನನ್ನು ಗಣಿಯಲ್ಲಿ ಕೂಡಿಹಾಕಿದರೆ ಅವನೂ ಹೊಡೆದಾಟಕ್ಕೆ ಇಳೀತಾನೆ. ಅಂದಮೇಲೆ ದೋಷ ಹುಟ್ಟಿನದಲ್ಲ, ದೂಡಿದ ಜಾಗದ್ದು. ಆ ಕಾಲದ ಟಿವಿ ಇಷ್ಟು ಹೇಳಿದ್ದೂ ಸಣ್ಣದಲ್ಲ.

ಹಡಗಿನ ನಾಯಕ ಕರ್ಕ್ ತಂದ ಪರಿಹಾರ ಮಾತ್ರ ಮುಖಗವಸು. ಹಾಕ್ಕೊಳ್ಳಿ, ಬುದ್ಧಿ ಬರುತ್ತೆ, ಆಮೇಲೆ ಸಮಾನರಾಗಬಹುದು.

ನನ್ನನ್ನು ಕಾಡೋ ಪ್ರಶ್ನೆ ಇದು: ಅನಿಲವೇ ಇಲ್ಲದೆ, ಅವರು ಹುಟ್ಟಾ ಮಂದಬುದ್ಧಿಯವರೇ ಆಗಿದ್ದರೆ? ಆಗ ಅವರ ಬೆನ್ನ ಮೇಲೆ ಕೂತು ಉಣ್ಣೋದು ನ್ಯಾಯವಾಗ್ತಿತ್ತೇ? ದುಡಿದವನು ತನ್ನ ಪಾಲು ಕೇಳೋಕೆ ಬುದ್ಧಿಯ ಪರೀಕ್ಷೆ ಪಾಸಾಗಬೇಕೇ? ಮೇಲಿನ ಊರಿನವರು ಆ ಪರೀಕ್ಷೆ ಯಾವತ್ತೂ ಬರೆದವರಲ್ಲ.

ಗವಸು ಬೇಕು, ಬೇಡ ಅನ್ನೋದಿಲ್ಲ. ಆದರೆ ಗವಸು ಹಾಕ್ಕೊಂಡವನೂ ಗಣಿಯಲ್ಲೇ ಉಳಿದರೆ, ಮೇಲಿನವರು ಬಿಟ್ಟುಕೊಟ್ಟಿದ್ದಾದರೂ ಏನು?