ಲೋಕಧನವೂ ಕಡಲ ನೆರೆಯೂ

ಸಾರ್ವಜನಿಕ ದ್ರವ್ಯದಿಂದ ಕಡಲ ತಡಿಯಲ್ಲಿ ಕಟ್ಟುವ ಆಸ್ಪತ್ರೆಯು ಕಟ್ಟಿಸಿದವರಿಗಿಂತ, ಮುಂದೆ ಅದನ್ನು ಆಶ್ರಯಿಸುವವರಿಗೇ ಹೆಚ್ಚಾಗಿ ಸೇರಿದುದು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ 2015ರಲ್ಲಿ ಅಧ್ಯಕ್ಷ ಒಬಾಮಾರವರು ಹೊರಡಿಸಿದ ಆಜ್ಞೆಯು, ನೆರೆಬಯಲಿನಲ್ಲಿ ಸರ್ಕಾರದ ಹಣದಿಂದಾಗುವ ಕಟ್ಟಡಗಳನ್ನು ‘ನೂರು ವರ್ಷದ ನೆರೆ’ಯ ಮಟ್ಟಕ್ಕಿಂತ 2 ಅಡಿ, ಆಸ್ಪತ್ರೆಯಂಥವನ್ನು 3 ಅಡಿ ಎತ್ತರಿಸುವ ಕ್ರಮವನ್ನು ತೋರಿಸಿತು. ಆ ನೆರೆಯು ನೂರು ವರ್ಷಕ್ಕೊಮ್ಮೆ ಬರುವುದೆಂದಲ್ಲ. ಪ್ರತಿವರ್ಷವೂ ನೂರರಲ್ಲೊಂದು ಪಾಲು ಸಂಭವವುಳ್ಳದ್ದು. 2017ರ ಆಗಸ್ಟ್ 15ರಂದು ಅಧ್ಯಕ್ಷ ಟ್ರಂಪ್‌ರವರು, ಕೆಲಸಗಳು ಬೇಗ ನಡೆಯಲೆಂದು, ಅದನ್ನು ರದ್ದುಗೊಳಿಸಿದರು. ಹತ್ತೇ ದಿನಗಳಲ್ಲಿ ಹಾರ್ವೆ ಚಂಡಮಾರುತವು ಟೆಕ್ಸಾಸ್ ತೀರಕ್ಕೆ ಅಪ್ಪಳಿಸಿತು. 2021ರಲ್ಲಿ ಮರಳಿದ ವಿಧಿಯು 2025ರಲ್ಲಿ ಮತ್ತೆ ಹೋಯಿತು.

ಎತ್ತರಿಸಿದರೆ ವೆಚ್ಚವು ಹೆಚ್ಚುವುದು ನಿಜವೇ. ಆದರೆ ಉಳಿತಾಯವು ನಮ್ಮದಾಗಿ ಮುಳುಗಡೆಯು ಮಕ್ಕಳದಾದರೆ ಅದು ಮಿತವ್ಯಯವೆನಿಸದು. ಇನ್ನೂ ಹುಟ್ಟದವರ ಹೆಸರಿನಲ್ಲಿ ಮಾಡಿದ ಸಾಲವಾಗುವುದು. ಋಣವು ಪಿತೃಗಳಿಗೆ ಮಾತ್ರವಲ್ಲ, ಸಂತತಿಗೂ ಸಲ್ಲತಕ್ಕದ್ದು.