ಆಪತ್ತಿಗಾದ ನೆಂಟ, ಬೈಬಲ್ ಹಿಡಿದ ನೆಂಟ

ಮಂಗಳೂರು ಕಡೆಯ ವಾಮದಪದವಿನಂಥ ಊರಲ್ಲಿ ಹಾಸಿಗೆ ಹಿಡಿದ ನೆರೆಯವರನ್ನು ನೋಡಿ ಬರಲು ಈಗ ಕ್ರೈಸ್ತರು ಹಿಂದೆ ಮುಂದೆ ನೋಡುತ್ತಾರೆ. ಕೈಯಲ್ಲಿ ಗಂಜಿಯ ಪಾತ್ರೆ ಇದ್ದರೆ ಸರಿ, ಜಪಮಾಲೆ ಇದ್ದರೆ? "ಏನು, ಮತಾಂತರಕ್ಕೋ?" ಎಂದು ಕಟ್ಟೆಯಲ್ಲಿ ಕೂತವರು ತಮಾಷೆಗೇ ಕೇಳಿದರೂ ಎದೆ ಧಸಕ್ಕೆನ್ನುತ್ತದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿಯನ್ನು ಇಲ್ಲಿ ಯಾರು ಮರೆತಾರು? ಆಪತ್ತಿಗಾದವನೇ ನೆಂಟ ಎಂಬ ಗಾದೆ ಆದ್ದರಿಂದಲೇ ಈಚೆಗೆ ನನ್ನ ಬೆನ್ನು ಬಿಡುತ್ತಿಲ್ಲ.

ಕಷ್ಟಕ್ಕೆ ಯಾರು ಬಂದರು, ಯಾರು ಬರಲಿಲ್ಲ ಎಂದು ಪಟ್ಟಿ ಮಾಡಲು ಈ ಗಾದೆ ಬಳಸುವವರಿದ್ದಾರೆ. ಅದು ಜಗಳಗಂಟರ ಅರ್ಥ, ಬಿಡಿ. ಇನ್ನೊಂದು ನಮ್ಮ ಕೆಲವು ಬೋಧಕರದು: ಆಪತ್ತೇ ಹದ ಬಂದ ಗದ್ದೆ, ಮನಸ್ಸು ಮೆತ್ತಗಿರುವಾಗಲೇ ಸುವಾರ್ತೆ ಬಿತ್ತಬೇಕು. ಇದಕ್ಕೆ ನೆಂಟಸ್ತಿಕೆ ಎನ್ನುವುದಿಲ್ಲ, ವ್ಯಾಪಾರ ಎನ್ನುತ್ತಾರೆ. ನನ್ನ ಮಟ್ಟಿಗೆ ಗಾದೆ ಹೇಳಿದ್ದು ಕಷ್ಟದಲ್ಲಿದ್ದವನಿಗಲ್ಲ, ಹೋಗಬೇಕಾದವನಿಗೆ. ಜಾತಿ ಯಾವುದೇ ಇರಲಿ, ಹೋದೆಯೋ, ನೆಂಟನಾದೆ. ಬೇರೆ ಷರತ್ತಿಲ್ಲ.

ಇದನ್ನು ನಮಗೆ ಮಾಡಿ ತೋರಿಸಿದವರು ಕ್ರೈಸ್ತರೇ ಅಲ್ಲ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಅಟ್ಟಿದಾಗ ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆ ಬಳಿಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿ ಉಳಿದದ್ದು ಚೌಟ ಅರಸರು ನಡುವೆ ಬಂದದ್ದರಿಂದ ಎಂದು ನಮ್ಮ ಚರಿತ್ರೆಕಾರರೇ ಬರೆದಿದ್ದಾರೆ. ಚೌಟರು ಜೈನರು. ಆ ಉಪಕಾರಕ್ಕೆ ಪ್ರತಿಯಾಗಿ ಯಾರೂ ಜೈನರಾಗಬೇಕಾಗಲಿಲ್ಲ.

ಹಾಗೆ ಹೋದವರು ನಮ್ಮಲ್ಲೂ ಇದ್ದರು. ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ, 1902ರಲ್ಲಿ ಪ್ಲೇಗ್ ಬಡಿದವರಿಗೆ ಆಸ್ಪತ್ರೆ ಮಾಡಿದರು. ಒಡಹುಟ್ಟಿದವರೇ ಹತ್ತಿರ ಸುಳಿಯದ ರೋಗಗಳವು.

ಬಾಸೆಲ್ ಮಿಶನ್ನಿನ ಕತೆ ಇಷ್ಟು ಸಲೀಸಲ್ಲ. 1834ರಲ್ಲಿ ಬಂದ ಅದರ ಮಿಶನರಿಗಳ ಮಾತು ನಂಬಿ ಕ್ರೈಸ್ತರಾದವರನ್ನು ಜಾತಿ ಹೊರಗಿಟ್ಟಿತು, ಅನ್ನದ ದಾರಿಯೂ ಮುಚ್ಚಿತು. ಮಿಶನ್ ನೇಯ್ಗೆ ಶುರು ಮಾಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಕೆಲಸದ ಆಸೆಗೆ ಮತ ಬಿಟ್ಟರು ಎಂಬ ಕೊಂಕು ಈಗಲೂ ಕೇಳುತ್ತದೆ. ನಾನು ಹೇಳುವುದು, ಯಾರ ಮಾತಿನಿಂದ ಆಪತ್ತು ಬಂತೋ ಅವರು ಆ ಆಪತ್ತಿಗೆ ಆಗದೆ ಇನ್ಯಾರು ಆಗಬೇಕು?

ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆ ಉಡುಗೊರೆಯನ್ನೂ ಉಚಿತ ಶಿಕ್ಷಣವನ್ನೂ ಆಮಿಷದ ಸಾಲಿಗೆ ಸೇರಿಸಿತು. ಅದನ್ನು ಹಿಂಪಡೆಯಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಕಾಯ್ದೆ ಬರಲಿ ಹೋಗಲಿ, ಜನರ ಮನಸ್ಸಿಗೆ ಬಿದ್ದ ಸಂಶಯ ಸಂಪುಟದ ತೀರ್ಮಾನದಿಂದ ಹೋಗುವುದಿಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕೆ? ಅದನ್ನೂ ಒಪ್ಪಲಾರೆ. ಕೊರೊನಾ ಕಾಲದಲ್ಲಿ ನಮ್ಮ ಕಡೆಯ ಒಬ್ಬ ಹಿರಿಯ ಕ್ರೈಸ್ತ ಬಾಯಮ್ಮ ನೆರೆಮನೆಯ ಅಜ್ಜಿಗೆ ದಿನವೂ ಗಂಜಿ, ಉಪ್ಪಿನಕಾಯಿ ಒಯ್ದು ಜಗಲಿಯಲ್ಲಿಟ್ಟು, ಅಂಗಳದಲ್ಲೇ ನಿಂತು ಮಾತಾಡಿಸಿ ಬರುತ್ತಿದ್ದರು. ಒಂದು ದಿನ ಅಜ್ಜಿಯೇ "ಬಾಯಮ್ಮ, ಎಂಕ್‌ಲಾ ಒಂಜಿ ಪ್ರಾರ್ಥನೆ ಮಲ್ಪುಲೆ" (ನನಗೂ ಒಂದು ಪ್ರಾರ್ಥನೆ ಮಾಡಿ) ಅಂದರು. ಬಾಯಮ್ಮ ಅಲ್ಲೇ ನಿಂತು ಕೊಂಕಣಿಯಲ್ಲಿ ಪ್ರಾರ್ಥಿಸಿದರು. ಅಜ್ಜಿಗೆ ಒಂದಕ್ಷರ ತಿಳಿಯಲಿಲ್ಲ. ಯಾರ ಹತ್ತಿರ ಏನು ಕೇಳಿದಿರಿ ಅಂದಾಗ ಬಾಯಮ್ಮ ತುಳುವಿನಲ್ಲಿ, ಅಡಗಿಸದೆ, ಯೇಸುವಿನ ವಿಷಯ ತನಗೆ ಗೊತ್ತಿದ್ದಷ್ಟು ಹೇಳಿದರು. ಅಜ್ಜಿ ಕೇಳಿಸಿಕೊಂಡರು, ತಮ್ಮ ದೈವಕ್ಕೂ ಕೈಮುಗಿದರು. ಮರುದಿನವೂ ಗಂಜಿ ಹೋಯಿತು.

ಇದರ ಪಕ್ಕದಲ್ಲಿ "ಔಷಧಿ ನಿಲ್ಲಿಸಿ, ವಿಶ್ವಾಸವಿಡಿ" ಎನ್ನುವ ಬೋಧಕನನ್ನು ನಿಲ್ಲಿಸಿ ನೋಡಿ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಬಿಡಿಸಿ, ಹೆಚ್ಚುಕಡಿಮೆಯಾದರೆ ನಿಮ್ಮ ವಿಶ್ವಾಸ ಸಾಲದಾಯಿತು ಎನ್ನುವವನು ಅವನು. ಬಾಯಮ್ಮನ ಮೇಲೆ ಬೀಳುವ ಸಂಶಯದಲ್ಲಿ ಅವನ ಪಾಲೂ ಇದೆ. ಅಂಥವನನ್ನು ಅಂಗಳದಿಂದಲೇ ವಾಪಸು ಕಳಿಸುವ ಕೆಲಸವನ್ನು ಪೊಲೀಸರಿಗೆ ಬಿಡಬೇಕಾಗಿಲ್ಲ. ನಮ್ಮ ವಾಳೆಯ (ಇಗರ್ಜಿಯ ವಾರ್ಡಿನ) ಮುಖ್ಯಸ್ಥರಾದ ಗುರ್ಕಾರರೇ ಮಾಡಬಹುದು.