ಮರಳುವ ಹಕ್ಕಿಯ ಸಮ್ಮತಿ

ದೂರದ ಪಂದ್ಯಗಳಿಗೆ ಒಂದು ಪಾರಿವಾಳವನ್ನು ಒಂದು ಋತುವಿನಲ್ಲಿ ಎಷ್ಟು ಸಲ ಕಳುಹಿಸಬಹುದು ಎಂಬ ಪ್ರಶ್ನೆ ಮೇಲುನೋಟಕ್ಕೆ ಹಕ್ಕಿ ಸಾಕುವವರ ಒಳಮಾತಿಗೆ ಸೇರಿದ್ದು. ಕಾಳಿನ ಅಳತೆ, ಗೂಡಿನ ಗಾಳಿಬೆಳಕು, ಗರಿ ಉದುರುವ ಕಾಲ ಮೊದಲಾದವುಗಳಂತೆ ಇದನ್ನೂ ಅನುಭವಸ್ಥರು ತಮ್ಮ ತಮ್ಮೊಳಗೇ ತೀರ್ಮಾನಿಸಿಕೊಳ್ಳತಕ್ಕದ್ದು. ತತ್ತ್ವವಿಚಾರಕ್ಕೆ ಇದರಲ್ಲಿ ಎಡೆಯೆಲ್ಲಿದೆ ಎಂದು ಯಾರಾದರೂ ಕೇಳಿದರೆ ಆಶ್ಚರ್ಯಪಡಬೇಕಾದ್ದಿಲ್ಲ. ಆದರೂ ಬಾಯಿಲ್ಲದ ಪ್ರಾಣಿಯೊಂದು ತನ್ನ ಸ್ವಭಾವದಿಂದಲೇ ನಮಗೆ ಏನನ್ನು ಕೊಡುತ್ತದೆಯೋ ಅದನ್ನು ನಾವು ಎಷ್ಟು ಬಾರಿ ಕೇಳಿ ಪಡೆಯಬಹುದು, ಅದರ ಕೊಡುವಿಕೆಯನ್ನೇ ಅದರ ಒಪ್ಪಿಗೆಯೆಂದು ಭಾವಿಸಬಹುದೇ ಎಂಬ ದೊಡ್ಡ ಜಿಜ್ಞಾಸೆ ಈ ಸಣ್ಣ ಪ್ರಶ್ನೆಯ ಒಡಲಲ್ಲಿ ಅಡಗಿರುವುದರಿಂದ, ಎಂದೂ ಗೂಡು ಕಟ್ಟದವರು ಸಹ ಇದನ್ನು ಕುರಿತು ಒಂದು ಗಳಿಗೆ ಯೋಚಿಸುವುದು ವ್ಯರ್ಥವಾಗಲಾರದೆಂದು ನನ್ನ ಎಣಿಕೆ.

ಹಾಸನದ ಸೀಮೆಗೆ ಈ ಜಿಜ್ಞಾಸೆ ಹೊಸದಲ್ಲ. ಇಲ್ಲಿ ಅದು ಗೊರಸಿನ ಮೇಲೆ ನಡೆದುಬಂದಿದೆ. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತಿನ ಹಳ್ಳಿಗಳಲ್ಲಿ ಜೋಡೆತ್ತಿನ ಗಾಡಿ ಓಟವನ್ನು ಕಾಣದವರು ವಿರಳ. ಹಿರೀಸಾವೆ ಹೋಬಳಿಯ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ಬೆನ್ನು ತಟ್ಟಿ, ಹಲ್ಲು ನೋಡಿ, ಸುಳಿ ಹುಡುಕಿ ಬೆಲೆ ಕಟ್ಟುವ ಹಿರಿಯರು ಓಟದ ಎತ್ತನ್ನೂ ಗೇಯ್ಮೆಯ ಎತ್ತನ್ನೂ ನಡಿಗೆಯಿಂದಲೇ ಬೇರ್ಪಡಿಸಬಲ್ಲರು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನೊಡನೆ ಎತ್ತಿನ ಓಟವನ್ನೂ ತಡೆಹಿಡಿದದ್ದು, 2017ರ ತಿದ್ದುಪಡಿಯ ಮೂಲಕ ಕರ್ನಾಟಕವು ಕಂಬಳಕ್ಕೂ ಗಾಡಿ ಓಟಕ್ಕೂ ಮತ್ತೆ ದಾರಿ ಮಾಡಿಕೊಟ್ಟದ್ದು, 2023ರ ಮೇ 18ರಂದು ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿದದ್ದು ಎಲ್ಲರಿಗೂ ತಿಳಿದ ಸಂಗತಿ. ಇಷ್ಟೆಲ್ಲ ವ್ಯಾಜ್ಯ ನಡೆದದ್ದು ಓಡಿಸಬಹುದೇ, ಬಾರದೇ ಎಂಬುದರ ಮೇಲೆ. ಸಂಕ್ರಾಂತಿಯಲ್ಲಿ ಒಂದೂರಿನಲ್ಲಿ ಓಡಿದ ಜೋಡಿಯನ್ನು ಮುಂದಿನ ವಾರ ಇನ್ನೊಂದೂರಿಗೆ ಲಾರಿಯಲ್ಲಿ ಏರಿಸಿಕೊಂಡು ಹೋಗಬೇಕೇ ಎಂಬುದು ಎತ್ತಿನ ಯಜಮಾನನ ವಿವೇಕಕ್ಕೆ ಬಿಟ್ಟ ವಿಷಯವಾಗಿಯೇ ಉಳಿಯಿತು.

ಪಾರಿವಾಳದ ಪಂದ್ಯದಲ್ಲಿ ಆ ವಿವೇಕಕ್ಕೆ ಇನ್ನೂ ಹೆಚ್ಚಿನ ಕೆಲಸವುಂಟು. ಬೆಂಗಳೂರು, ಚೆನ್ನೈ, ಕೋಲ್ಕತ್ತಗಳಂಥ ನಗರಗಳಲ್ಲಿ ತಮ್ಮ ಗೂಡಿಗೆ ಮರಳುವ ಹೋಮರ್ ಹಕ್ಕಿಗಳ ಪಂದ್ಯಕ್ಕೆಂದೇ ಸಂಘಗಳಿವೆ. ಕಾಲಿಗೆ ಉಂಗುರ ತೊಡಿಸಿದ ಹಕ್ಕಿಗಳನ್ನು ಬುಟ್ಟಿಗಳಲ್ಲಿ ತುಂಬಿ ನೂರಾರು ಕಿಲೋಮೀಟರ್ ಆಚೆಗೆ ಒಯ್ದು, ಬೆಳಗಿನ ಹೊತ್ತು ಒಟ್ಟಿಗೆ ಬಿಡುತ್ತಾರೆ. ಬಿಟ್ಟ ಸ್ಥಳದಿಂದ ಪ್ರತಿಯೊಂದು ಗೂಡಿಗೂ ಇರುವ ನೇರ ದೂರವನ್ನು ಅಳೆದು, ಹಿಡಿದ ಕಾಲದಿಂದ ಭಾಗಿಸಿ, ನಿಮಿಷಕ್ಕೆ ಇಷ್ಟು ಮೀಟರ್ ಎಂದು ಬರುವ ವೇಗದ ಮೇಲೆ ಗೆಲುವನ್ನು ನಿರ್ಣಯಿಸುತ್ತಾರೆ. ಗಾಳಿ ಎದುರಾಗದಿದ್ದರೆ ಒಳ್ಳೆಯ ಹಕ್ಕಿ ಗಂಟೆಗೆ 60ರಿಂದ 80 ಕಿಲೋಮೀಟರ್ ಸಾಗಬಲ್ಲದು. ಹಾಸನದ ಸೀಮೆಯಲ್ಲಿ ಮೇಲೆ ಹೆಸರಿಸಿದ ಗಾಡಿ ಓಟದ ನಾಲ್ಕು ಊರುಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಹಕ್ಕಿಯ ದಾರಿಯಲ್ಲಿ ಅವುಗಳ ಅಂತರ 40 ಕಿಲೋಮೀಟರನ್ನು ಮೀರದಾದ್ದರಿಂದ, ಅರಕಲಗೂಡಿನಲ್ಲಿ ಬಿಟ್ಟ ಹಕ್ಕಿ, ಅದನ್ನು ಒಯ್ದು ಬಿಟ್ಟವನು ಬಸ್ಸು ಹಿಡಿಯುವುದರೊಳಗಾಗಿ ಚನ್ನರಾಯಪಟ್ಟಣದ ಮಾಳಿಗೆಯ ಮೇಲೆ ಇಳಿದಿರುವುದು ಅಸಂಭವವಲ್ಲ. ಅಂಥ ಹಾರಾಟ ದಿನವೂ ಆದರೂ ಅದು ವ್ಯಾಯಾಮವೇ. ಅದರ ವಿಚಾರ ಇಲ್ಲಿ ಬೇಡ. ಪ್ರಶ್ನೆ ಏಳುವುದು 500 ಕಿಲೋಮೀಟರ್ ದಾಟಿದ ಮೇಲೆ. ಅಲ್ಲಿ ಅರ್ಧ ಕಿಲೋ ತೂಗದ ದೇಹವೊಂದು ಏಳೆಂಟು ಗಂಟೆಗಳ ಕಾಲ ತನ್ನ ಮೈಯ ಕೊಬ್ಬನ್ನೇ ಉರಿಸುತ್ತ, ಹೆಚ್ಚಿನ ಪಾಲು ನೀರು ಮುಟ್ಟದೆ, ಡೇಗೆಯ ಭಯವನ್ನು ತಲೆಯ ಮೇಲಿಟ್ಟುಕೊಂಡು ಸಾಗಬೇಕು. 1000 ಕಿಲೋಮೀಟರಾದರೆ ನಡುವೆ ಒಂದು ರಾತ್ರಿಯನ್ನು ಎಲ್ಲಿಯೋ ಅಪರಿಚಿತ ಸ್ಥಳದಲ್ಲಿ ಕಳೆಯಲೂಬೇಕು.

ಇದಕ್ಕೆ ಪಂದ್ಯಾಸಕ್ತರು ಕೊಡುವ ಸಮಾಧಾನವು ಕೇಳಲು ಬಹಳ ಸಮಂಜಸವಾಗಿದೆ. ಎತ್ತಿಗೆ ನೊಗವುಂಟು, ಮೂಗುದಾರವುಂಟು, ಬಾರುಕೋಲುಂಟು. ಹಕ್ಕಿಗೆ ಇವು ಯಾವುವೂ ಇಲ್ಲ. ಬುಟ್ಟಿಯ ಬಾಗಿಲು ತೆರೆದ ಕ್ಷಣದಿಂದ ಅದು ಸಂಪೂರ್ಣ ಸ್ವತಂತ್ರ. ಮರದ ಮೇಲೆ ಕೂರಬಹುದು, ಕಾಡುಪಾರಿವಾಳಗಳ ಹಿಂಡಿನೊಡನೆ ಯಾವುದೋ ದೇವಸ್ಥಾನದ ಗೋಪುರವನ್ನು ಸೇರಬಹುದು. ಅದು ಮನೆಗೇ ಬರುತ್ತದೆಂದರೆ ಬರಲು ಅದಕ್ಕೆ ಇಷ್ಟವಿದೆಯೆಂದೇ ಅರ್ಥವಲ್ಲವೇ, ಇಷ್ಟವಿರುವುದನ್ನು ಮಾಡುವ ಜೀವಿಯ ವಿಷಯದಲ್ಲಿ ಹಿಂಸೆಯ ಮಾತೇಕೆ ಎಂದು ಅವರು ಕೇಳುತ್ತಾರೆ. ಈ ವಾದವನ್ನು ಹಗುರಾಗಿ ತಳ್ಳಿಹಾಕಲಾಗದು. ಹಾರುವುದಕ್ಕೆಂದೇ ಹಲವು ತಲೆಮಾರು ಆರಿಸಿ ಬೆಳೆಸಿದ ಹಕ್ಕಿಯನ್ನು ಗೂಡಿನಲ್ಲೇ ಕೊಬ್ಬಿಸುವುದೂ ಒಂದು ಬಗೆಯ ಅನ್ಯಾಯವೆಂಬುದನ್ನು ನಾನು ಒಪ್ಪುತ್ತೇನೆ.

ಆದರೆ ವಾದದ ಕೀಲು ಎಲ್ಲಿ ಸಡಿಲವಾಗಿದೆಯೆಂಬುದನ್ನು ನೋಡಬೇಕು. ಹಕ್ಕಿ ಇಷ್ಟಪಡುವುದು ಮನೆಯಲ್ಲಿರುವುದನ್ನು; ಮನೆಯಿಂದ 500 ಕಿಲೋಮೀಟರ್ ದೂರದಲ್ಲಿರುವುದನ್ನಲ್ಲ. ಆ ದೂರವನ್ನು ಸೃಷ್ಟಿಸಿದವರು ನಾವು. ಬಲಾತ್ಕಾರವೇನಾದರೂ ಇದ್ದರೆ ಅದು ಮುಗಿದುಹೋಗಿರುವುದು ಬುಟ್ಟಿಯ ಬಾಗಿಲು ತೆರೆಯುವುದಕ್ಕೆ ಮೊದಲೇ. ಅನಂತರದ ಆಕಾಶದಲ್ಲಿ ನಮಗೆ ಬಾರುಕೋಲು ಬೇಕಾಗದೆ ಇರುವುದಕ್ಕೆ ಕಾರಣವೇನೆಂದರೆ ಆ ಕೆಲಸವನ್ನು ಹಕ್ಕಿಯ ಮಮತೆಯೇ ನಿರ್ವಹಿಸುತ್ತದೆ. ಪಂದ್ಯಗಾರರು ಇದನ್ನು ಚೆನ್ನಾಗಿ ಬಲ್ಲರು. ಬೆಲ್ಜಿಯಂ ದೇಶದಲ್ಲಿ ಬೆಳೆದು ಜಗತ್ತಿಗೆಲ್ಲ ಹಬ್ಬಿದ ಒಂದು ಪದ್ಧತಿಯಲ್ಲಿ ಗಂಡನ್ನು ವಾರವಿಡೀ ಹೆಣ್ಣಿನಿಂದ ಅಗಲಿಸಿಟ್ಟು, ಪಂದ್ಯಕ್ಕೆ ಕಳುಹಿಸುವ ಮುನ್ನ ಅಲ್ಪಕಾಲ ಮಾತ್ರ ಅದರ ದರ್ಶನ ಮಾಡಿಸುತ್ತಾರೆ. ಇನ್ನು ಕೆಲವರು ಮರಿಗಳಿಗೆ ವಾರ ತುಂಬುವ ಹೊತ್ತಿಗೆ ಸರಿಯಾಗಿ ತಾಯನ್ನೋ ತಂದೆಯನ್ನೋ ಆರಿಸಿ ಬುಟ್ಟಿಗೆ ಹಾಕುತ್ತಾರೆ. ಪಾರಿವಾಳದಲ್ಲಿ ಗಂಡುಹೆಣ್ಣುಗಳೆರಡೂ ತಮ್ಮ ಕರುಳಿನ ಹಾಲನ್ನು ಮರಿಗೆ ಉಣಿಸುವುವಾದ್ದರಿಂದ ಈ ಉಪಾಯ ಯಾವ ಲಿಂಗದಲ್ಲೂ ವಿಫಲವಾಗುವುದಿಲ್ಲ. (ಕರುಳಿನ ಹಾಲೆಂದು ನಾನು ಭಾವದಿಂದ ಬರೆದೆ, ಅದು ಒಸರುವುದು ಗಂಟಲ ಕೆಳಗಿನ ಚೀಲದಲ್ಲಿ.) ಪ್ರೇಮವು ಹೆಚ್ಚಿದಷ್ಟೂ ಹಾರಾಟದ ರಭಸವೂ ಹೆಚ್ಚುತ್ತದೆಯೆಂದ ಮೇಲೆ, ಆ ರಭಸವನ್ನು ತೋರಿಸಿ ನೋಡಿ ಇದಕ್ಕೆಷ್ಟು ಉತ್ಸಾಹ ಎನ್ನುವುದು, ಕೂಸು ಕಾಯುತ್ತಿದೆಯೆಂದು ಓಡೋಡಿ ಮನೆಗೆ ಬರುವ ಕೂಲಿಯ ಹೆಣ್ಣುಮಗಳನ್ನು ಕಂಡು ಇವಳಿಗೆ ಓಟವೆಂದರೆ ಬಹಳ ಪ್ರೀತಿ ಎಂದಂತೆ.

ಇದರಿಂದ ಹೊರಡುವ ಒಂದು ಫಲಿತಾಂಶವುಂಟು. ಹಕ್ಕಿ ಮರಳಿ ಬಂದದ್ದನ್ನು ಅದರ ಶಕ್ತಿಗೆ ಪ್ರಮಾಣವಾಗಿ ಸ್ವೀಕರಿಸುವಾಗಲೂ ನಾವು ಬಹಳ ಎಚ್ಚರದಿಂದಿರಬೇಕು. ಕಳೆದ ತಿಂಗಳು ಬಂದಿತು, ಈ ತಿಂಗಳೂ ಬಂದಿತು, ಆದ್ದರಿಂದ ಮುಂದಿನ ತಿಂಗಳೂ ಬಂದೀತು ಎಂಬ ಅನುಮಾನದಲ್ಲಿ ಸಾಕ್ಷಿ ಹೇಳುತ್ತಿರುವುವು ಬಂದ ಹಕ್ಕಿಗಳು ಮಾತ್ರ. ಬಾರದವು ಎಲ್ಲಿ ಬಿದ್ದುವು, ಬಾಯಾರಿ ಇಳಿದುವೋ, ಹಿಂದಿನ ಹಾರಾಟದಲ್ಲಿ ಸವೆದ ಭುಜದಿಂದಾಗಿ ಡೇಗೆಗೆ ಸುಲಭದ ತುತ್ತಾದುವೋ ಎಂಬುದನ್ನು ಹೇಳಲು ಯಾರೂ ಇಲ್ಲ. ಓಟದ ಎತ್ತು ಕುಸಿದರೆ ಊರಿನ ಕಣ್ಣೆದುರು ಕುಸಿಯುತ್ತದೆ. ಗಾಡಿ ಹೊಡೆಯುವವನು ಅದರ ಬಾಯಿನೊರೆಯನ್ನೂ ಪಕ್ಕೆಯ ಬಡಿತವನ್ನೂ ಕಾಣುತ್ತಾನೆ, ಕಂಡೂ ಹೊಡೆದರೆ ನೆರೆದವರು ಬಯ್ಯುತ್ತಾರೆ. ಹಕ್ಕಿಯ ದಣಿವಿಗೆ ಪ್ರೇಕ್ಷಕರಿಲ್ಲ. ಅದು ಅತ್ಯಂತ ಬಳಲಿರುವಾಗ ಅದರ ಯಜಮಾನನು ಮಾಳಿಗೆಯ ಮೇಲೆ ಕುಳಿತು ಗಡಿಯಾರ ನೋಡುತ್ತಿರುತ್ತಾನೆ. ಮೇಲಾಗಿ ಸೋತ ಹಕ್ಕಿಯನ್ನು ಯಾರೂ ಮತ್ತೆ ಮತ್ತೆ ಕಳುಹಿಸುವುದಿಲ್ಲ. ಪದೇ ಪದೇ ಬುಟ್ಟಿ ಸೇರುವುದು ಗೆದ್ದದ್ದೇ. ಯೋಗ್ಯತೆ ಹೆಚ್ಚಿದಂತೆ ಅಪಾಯವೂ ಹೆಚ್ಚುವ ಈ ವ್ಯವಸ್ಥೆಯಲ್ಲಿ, ಅತ್ಯಂತ ಒಳ್ಳೆಯ ಹಕ್ಕಿಯನ್ನು ಕಳೆದುಕೊಂಡವನು ವಿಧಿಯನ್ನು ಹಳಿಯುತ್ತಾನಲ್ಲದೆ ತನ್ನ ಲೆಕ್ಕವನ್ನು ಶಂಕಿಸುವುದು ಅಪರೂಪ.

ಹಾಗಾದರೆ ದೂರವೇ ದೋಷವೇ? ಅಲ್ಲವೆಂದು ತೋರುತ್ತದೆ. ಅಮೂರ್ ಡೇಗೆಯೆಂಬ ಪುಟ್ಟ ಬೇಟೆಹಕ್ಕಿ ಶರತ್ಕಾಲದಲ್ಲಿ ನಾಗಾಲ್ಯಾಂಡಿಗೆ ಬಂದಿಳಿದು, ಗೆದ್ದಲು ಹುಳುಗಳನ್ನು ತಿಂದು ಮೈದುಂಬಿಕೊಂಡು, ಭಾರತವನ್ನು ಹಾದು, ಅರಬ್ಬೀ ಸಮುದ್ರವನ್ನು ಎಡೆಬಿಡದೆ ದಾಟಿ ಆಫ್ರಿಕಾಕ್ಕೆ ಹೋಗುತ್ತದೆ. ಯಾವ ಪಂದ್ಯದ ಪಾರಿವಾಳದ ಹಾರಾಟವೂ ಅದರ ಮುಂದೆ ನಿಲ್ಲಲಾರದು. ಅಲ್ಲಿ ಕ್ಲೇಶವಿಲ್ಲವೆಂದಲ್ಲ, ಸಾವಿಲ್ಲವೆಂದಲ್ಲ. ಆದರೆ ಹೊರಡುವ ದಿನವನ್ನು ಆ ಹಕ್ಕಿಯ ಮೈಯೇ ನಿಶ್ಚಯಿಸುತ್ತದೆ. ಕೊಬ್ಬು ಸಾಲದಿದ್ದರೆ ಅದು ಇನ್ನೂ ತಿನ್ನುತ್ತದೆ, ಗಾಳಿ ಅನುಕೂಲವಾಗದಿದ್ದರೆ ಕಾಯುತ್ತದೆ. ಪಂದ್ಯದ ಹಕ್ಕಿಗೆ ಈ ಅಧಿಕಾರವೊಂದು ಮಾತ್ರ ಇಲ್ಲ. ಅದರ ದಿನವನ್ನು ಸಂಘದ ವೇಳಾಪಟ್ಟಿ ತಿಂಗಳುಗಳ ಮೊದಲೇ ಅಚ್ಚು ಹಾಕಿಸಿರುತ್ತದೆ. ಇಂದು ಬೇಡ ಎನ್ನುವ ಹಕ್ಕನ್ನು ನಾವು ಅದರಿಂದ ಕಸಿದುಕೊಂಡಿರುವುದರಿಂದ, ಅದರ ಪರವಾಗಿ ಇಂದು ಬೇಡ ಎನ್ನುವ ಕರ್ತವ್ಯ ನಮ್ಮ ಮೇಲೆ ಬೀಳುತ್ತದೆ. ಎಷ್ಟು ಸಲ ಎಂಬ ಪ್ರಶ್ನೆಯ ನಿಜಸ್ವರೂಪ ಇದೇ ಎಂದು ನಾನು ತಿಳಿದಿದ್ದೇನೆ: ಯಜಮಾನನು ತನ್ನ ಹಕ್ಕಿಯ ಬಾಯಾಗಿ ಎಷ್ಟು ಸಲ ನಿರಾಕರಿಸಲು ಸಿದ್ಧನಿದ್ದಾನೆ?

ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಇರುವ ಶ್ರವಣಬೆಳಗೊಳದ ಪರಂಪರೆಯು ಈ ವಿಷಯದಲ್ಲಿ ನಮಗೆ ನೆರವಾಗಬಲ್ಲದು. ಜೈನಧರ್ಮವು ಮುನಿಗೆ ಮಹಾವ್ರತವನ್ನೂ ಗೃಹಸ್ಥನಿಗೆ ಅಣುವ್ರತವನ್ನೂ ವಿಧಿಸಿತಷ್ಟೆ. ಗೃಹಸ್ಥನು ದನಕರು ಸಾಕುವವನು, ಹೇರು ಹೊರಿಸುವವನು. ಅವನಿಗೆ ಪ್ರಾಣಿಗಳ ಸಂಗವನ್ನೇ ಬಿಡೆಂದರೆ ನಡೆಯುವಂತಿಲ್ಲ. ಆದ್ದರಿಂದ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದರು: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಅತಿಭಾರವನ್ನು ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಭಾರವನ್ನು ಹೊರಿಸಲೇಬೇಡವೆನ್ನದೆ ಅತಿಭಾರವನ್ನು ದೋಷವೆಂದುದರಲ್ಲಿ ಎಷ್ಟೊಂದು ಲೋಕಾನುಭವವಿದೆ! ಅತಿ ಎಲ್ಲಿ ಆರಂಭವಾಗುತ್ತದೆಂಬುದನ್ನು ತೂಕದ ಕಲ್ಲಿನಿಂದ ಹೇಳಲಾಗದೆಂದು ಬಲ್ಲವರು ಅದನ್ನು ಸಾಕುವವನ ಎಚ್ಚರಕ್ಕೆ ಒಪ್ಪಿಸಿದರು. ಒಪ್ಪಿಸುವಾಗ ಅದನ್ನು ಕೇವಲ ಜಾಣತನದ ಮಾತಾಗಿಸದೆ ವ್ರತದ ಅಂಗವಾಗಿಸಿದರು. ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಬಾಹುಬಲಿಯ ಕಥೆಯೂ ಪಂದ್ಯದ ಕಥೆಯೇ ಅಲ್ಲವೇ? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣನನ್ನು ಗೆದ್ದವನು, ಗೆದ್ದ ಕ್ಷಣದಲ್ಲಿಯೇ ಕಣದಿಂದ ಹೊರನಡೆದ. ಅವನು ಸ್ವತಃ ಸ್ಪರ್ಧಿಯಾಗಿದ್ದುದರಿಂದ ಹೊರನಡೆಯುವುದು ಅವನ ಕೈಯಲ್ಲಿತ್ತು. ಗೆದ್ದ ಹಕ್ಕಿಯನ್ನು ಕಣದಿಂದ ಹೊರಗೆ ತರಬೇಕಾದವನು ಬೇರೊಬ್ಬ, ಮತ್ತು ಗೆಲುವಿನ ಸವಿ ಹತ್ತಿರುವುದು ಅವನ ನಾಲಗೆಗೇ.

ವಿಶ್ರಾಂತಿಯ ಲೆಕ್ಕವನ್ನು ನಮ್ಮ ಪೂರ್ವಿಕರು ಭಾವುಕತೆಯಿಂದ ಮಾತ್ರ ಮಾಡಿದವರಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೆಂಬ ಅರಮನೆಯ ದನಗಳ ಇಲಾಖೆಯು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ರಾಸುಗಳು ದಂಡಿನ ತೋಪುಗಳನ್ನೆಳೆದು ದಾಖಲೆಯಾದ ದೂರಗಳನ್ನು ಕ್ರಮಿಸಿದುವು. ಅಂಥ ದುಡಿಮೆಯನ್ನು ಬಯಸಿದ ರಾಜ್ಯವೇ ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗಗಳ ಕಡೆ ವಿಶಾಲವಾದ ಕಾವಲುಗಳನ್ನು ಅವುಗಳಿಗಾಗಿ ಮೀಸಲಿಟ್ಟು, ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಎಂದು ವಿಂಗಡಿಸಿತ್ತು. ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ಬ್ರಿಟಿಷ್ ಆಡಳಿತ ಆ ಹಿಂಡನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ನಷ್ಟ ಅರಿವಿಗೆ ಬಂದು 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಮೇಯುತ್ತ ನಿಂತ ಎತ್ತು ಲೆಕ್ಕದ ಪುಸ್ತಕದಲ್ಲಿ ಯಾವಾಗಲೂ ಖರ್ಚಿನ ಕಡೆಗೇ ಕಾಣುತ್ತದೆ. ಗೂಡಿನಲ್ಲಿ ಕುಳಿತ ಹಕ್ಕಿಯೂ ಹಾಗೆಯೇ. ಪಂದ್ಯಗಾರನ ಅವಸರಕ್ಕೆ ಮೂಲ ಅಲ್ಲಿದೆ. ನಿಜವಾದ ಅವಶ್ಯಕತೆಯ ಮಾತು ಬೇರೆ. ಒಡಿಶಾ ಪೊಲೀಸರು 1946ರಲ್ಲಿ ಸೈನ್ಯದಿಂದ ಪಡೆದ ಪಾರಿವಾಳಗಳಿಂದ ಕೊರಾಪುಟ್ಟಿನಲ್ಲಿ ಆರಂಭಿಸಿದ ಸಂದೇಶ ಸೇವೆಯು 1982ರ ಪ್ರವಾಹದಲ್ಲಿ ಬಾಂಕಿ ಪಟ್ಟಣಕ್ಕೆ ಹೊರಜಗತ್ತಿನ ಸಂಪರ್ಕವಾಗಿ ನಿಂತಿತಂತೆ. ಮುಳುಗುವ ಊರಿನ ಸುದ್ದಿಗಾಗಿ ದಣಿದ ಹಕ್ಕಿಯನ್ನು ಮತ್ತೆ ಹಾರಿಸಿದವನನ್ನು ಯಾರೂ ದೂರಲಾರರು. ಬಹುಮಾನದ ಬಟ್ಟಲಿಗೆ ಆ ವಿನಾಯಿತಿ ಸಲ್ಲದು. ವಿನೋದಕ್ಕಾಗಿ ಕೇಳುವವನು ಅವಶ್ಯಕತೆಯಿಂದ ಕೇಳುವವನಿಗಿಂತ ಬಹಳ ಕಡಿಮೆಯನ್ನು ಕೇಳಬೇಕು.

ಸಂಖ್ಯೆಯನ್ನೇ ಹೇಳೆಂದರೆ ನನ್ನ ಅಭಿಪ್ರಾಯ ಹೀಗಿದೆ. 500 ಕಿಲೋಮೀಟರಿಗೆ ಮೀರಿದ ಪಂದ್ಯ ಒಂದು ಹಕ್ಕಿಗೆ ಋತುವಿಗೊಂದೇ ಸಾಕು. ಆ ಮಿತಿಯನ್ನು ಮೊದಲ ಬುಟ್ಟಿ ಹೊರಡುವ ಮುಂಚೆಯೇ ನಿಶ್ಚಯಿಸಿ ಬರೆದಿಡಬೇಕು, ಏಕೆಂದರೆ ಗೆಲುವು ಕಂಡ ಮೇಲೆ ನಿಶ್ಚಯಿಸುವವನ ಬುದ್ಧಿ ಸ್ವತಂತ್ರವಾಗಿರುವುದಿಲ್ಲ. ಆ ಒಂದನ್ನೂ ರದ್ದು ಮಾಡುವ ಅಧಿಕಾರ ಹಕ್ಕಿಯ ಮೈಗೆ ಇರಲಿ: ಎದೆಯ ಮೂಳೆ ಕೈಗೆ ಹರಿತವಾಗಿ ತಾಕಿದರೆ, ದೊಡ್ಡ ಗರಿ ಉದುರಿದ್ದರೆ, ಹಿಂದಿನ ಹಾರಾಟದಿಂದ ತಡವಾಗಿ ಬಂದಿದ್ದರೆ, ವೇಳಾಪಟ್ಟಿ ಏನೇ ಹೇಳಲಿ ಬುಟ್ಟಿಗೆ ಹಾಕಬಾರದು. ಎಳೆಯ ಮರಿಗಳಿರುವ ಹಕ್ಕಿಯನ್ನು ದೂರಕ್ಕೆ ಕಳುಹಿಸುವುದನ್ನು ನಾನು ಪೂರ್ತಿಯಾಗಿ ವಿರೋಧಿಸುತ್ತೇನೆ; ವೇಗ ಹೆಚ್ಚುತ್ತದೆಂಬುದೇ ಅದನ್ನು ಬಿಡಲು ಕಾರಣವಾಗಬೇಕು.

ಇಷ್ಟು ಹೇಳಿದರೂ ಒಂದು ತೊಡಕು ಬಗೆಹರಿಯದೆ ಉಳಿಯುತ್ತದೆ, ಅದನ್ನು ಮರೆಮಾಚುವುದು ಸರಿಯಲ್ಲ. ಹಕ್ಕಿಗೊಂದು ಪಂದ್ಯವೆಂದು ಕಟ್ಟು ಮಾಡಿದರೆ, ಹಣವುಳ್ಳವನು ಹಕ್ಕಿಗಳನ್ನೇ ಹೆಚ್ಚಿಸಿಕೊಂಡು ಪ್ರತಿ ಪಂದ್ಯಕ್ಕೂ ಹೊಸದೊಂದನ್ನು ಕಳುಹಿಸುತ್ತಾನೆ. ನಿಯಮವೂ ಉಳಿಯಿತು, ಚಟವೂ ಉಳಿಯಿತು. ಹತ್ತು ಹಕ್ಕಿಯ ಬಡ ಪಂದ್ಯಗಾರನು ಪ್ರತಿಯೊಂದರ ಕಣ್ಣು ಗರಿಗಳನ್ನು ಬಲ್ಲನು. ಇನ್ನೂರು ಹಕ್ಕಿಯವನಿಗೆ ಅವು ಉಂಗುರದ ಸಂಖ್ಯೆಗಳು ಮಾತ್ರ, ಬಾರದೆಹೋದ ಒಂದರ ಗೈರು ಆ ಸಂಜೆ ಅವನ ಗಮನಕ್ಕೂ ಬಾರದಿರಬಹುದು. ಆದ್ದರಿಂದ ಮಿತಿಯನ್ನು ಹಕ್ಕಿಯ ಲೆಕ್ಕದಲ್ಲಿ ಮಾತ್ರ ಇಡದೆ ಗೂಡಿನ ಲೆಕ್ಕದಲ್ಲೂ ಇಡಬೇಕೆಂದೂ, ಒಂದು ಗೂಡಿನಿಂದ ಒಂದು ಋತುವಿನಲ್ಲಿ ಇಷ್ಟಕ್ಕೆ ಮೇಲೆ ದೂರದ ಬುಟ್ಟಿಗಳು ಹೊರಡಕೂಡದೆಂದೂ, ಬಂದವುಗಳ ವೇಗದ ಪಟ್ಟಿಯ ಪಕ್ಕದಲ್ಲಿ ಬಾರದವುಗಳ ಪಟ್ಟಿಯನ್ನೂ ಗೂಡಿನ ಹೆಸರಿನೊಡನೆ ಪ್ರಕಟಿಸತಕ್ಕದ್ದೆಂದೂ ಸಂಘಗಳೇ ಗೊತ್ತು ಮಾಡಬೇಕಾಗುತ್ತದೆ. ಸಂಘದ ಪದಾಧಿಕಾರಿಗಳೇ ಬಹುಮಟ್ಟಿಗೆ ದೊಡ್ಡ ಗೂಡುಗಳ ಒಡೆಯರಾಗಿರುವ ಸಂಭವವಿರುವಾಗ ಈ ಎರಡನೆಯ ಪಟ್ಟಿಯನ್ನು ಗೋಡೆಗೆ ಅಂಟಿಸಲು ಮೊದಲು ಮುಂದಾಗುವವರು ಯಾರೆಂಬುದನ್ನು ಅವರೇ ಹೇಳಬೇಕು.